ಬಸುರಿಯ ಹೊಟ್ಟೆಗೆ ಕಿವಿಗೊಟ್ಟು

ನಾನು ಕೆಲಸ ಬಿಟ್ಟರೂ ಕೆಲಸ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸ್ವಲ್ಪ ಅಡ್ಡಾದರೆ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ, ಎಲ್ಲಿಂದಲೋ ಆ ಸದ್ದು ಬರುತ್ತದೆ. ಬಸುರಿಯ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ. ದಿಂಬಿನ ಕೆಳಗಿಟ್ಟ ಗಡಿಯಾರದ ಹಾಗೆ ಕೇಳುತ್ತದೆ ಎಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳೆದ ನನಗೆ ಮಾತ್ರ ಅದು ಎರಡು ಓಣಿ ಆಚೆ ಯಾರದೋ ಮನೆಯಲ್ಲಿ ನಡೆಯುತ್ತಿರುವ ಮಗ್ಗದ ಸದ್ದಿನಂತೆ ಕೇಳುತ್ತಿತ್ತು. ಈಗಲೂ ಹಾಗೆಯೇ ಕೇಳುತ್ತದೆ. ಯಾವ ಊರಿನ ಯಾವ ಹೆಂಗಸಿನ ಕೂಸು ಅದು ಎಂದು ಕಣ್ಣು ಮುಚ್ಚಿಕೊಂಡೇ ಹುಡುಕುತ್ತೇನೆ. ಒಮ್ಮೊಮ್ಮೆ ಮುಖ ಸಿಗುತ್ತದೆ, ಒಮ್ಮೊಮ್ಮೆ ಬರೀ ಸೀರೆಯ ಬಣ್ಣ.

ನನ್ನ ಹೆಸರು ನೂರಜಹಾನ್. ಮೊದಲು ಹುನಗುಂದ ತಾಲೂಕಿನ ಹಳ್ಳಿಗಳಲ್ಲಿ, ಆಮೇಲೆ ಬಾದಾಮಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ, ಕೊನೆಗೆ ನನ್ನೂರು ಇಳಕಲ್ಲಿನಲ್ಲಿ ನರ್ಸಾಗಿ ದುಡಿದೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎನ್ನುವುದು ನನಗೇ ಸರಿಯಾಗಿ ನೆನಪಿಲ್ಲ, ಓದುವವರಿಗೂ ಅದು ಬೇಕಾಗಿಲ್ಲ. ನಮ್ಮ ಮನೆಯ ಮುಂದೆ ದಿನಾ ಬೆಳಿಗ್ಗೆ ನರ್ಸಿಂಗ್ ಕಾಲೇಜಿನ ಹುಡುಗಿಯರು ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಗುತ್ತ ಹೋಗುತ್ತಾರೆ. ಅವರಲ್ಲೊಬ್ಬಳು ಗೇಟಿನ ಹತ್ತಿರ ನಿಂತು, "ಅಕ್ಕಾರ, ಪುಸ್ತಕದಾಗ ಇಲ್ಲದ್ದು ಏನರ ಹೇಳ್ರಿ" ಅಂದಳು. ನಿಂತ ನಿಲುವಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅದಕ್ಕೇ ಬರೆಯಲು ಕೂತೆ. ಇದರಲ್ಲಿ ಬರುವ ಹೆಂಗಸರ ಹೆಸರು ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದ ಹಾಗೆಯೇ ಇದೆ.

ನಾವು ಕೆಲಸಕ್ಕೆ ಸೇರಿದಾಗ ಎದೆಬಡಿತ ಕೇಳಲು ಯಂತ್ರವಿರಲಿಲ್ಲ. ಪುಟ್ಟ ತುತ್ತೂರಿಯಂಥ ಒಂದು ಕೊಳವೆ. ಅದರ ಅಗಲ ಬಾಯಿಯನ್ನು ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಹಚ್ಚಿ ಬಗ್ಗಬೇಕು. ಹಾಗೆ ಬಗ್ಗಿದಾಗ ಹೊರಗಿನ ಲೋಕ ಒಮ್ಮೆಲೇ ದೂರ ಹೋಗುತ್ತಿತ್ತು. ಬಾಗಿಲ ಹೊರಗಿನ ಮಾತು, ಬಸ್ಸಿನ ಹಾರನ್ನು, ಅಳುವ ಮಕ್ಕಳು ಎಲ್ಲವೂ ನೀರಿನಡಿಯಿಂದ ಕೇಳಿದ ಹಾಗೆ ಆಗಿ, ಕೂಸಿನ ಸದ್ದೊಂದೇ ಉಳಿಯುತ್ತಿತ್ತು. ಆದರೆ ಕಿವಿ ಕೇಳುತ್ತಿರುವಾಗ ಕಣ್ಣು ಸುಮ್ಮನಿರುವುದಿಲ್ಲ. ಮುಖ ಹೊಟ್ಟೆಗೆ ಅಷ್ಟು ಹತ್ತಿರ ಇರುತ್ತದಲ್ಲ, ಚರ್ಮದ ಮೇಲಿನ ಒಂದೊಂದು ಗುರುತೂ ಕಾಣುತ್ತದೆ. ಸಿಡುಬಿನ ಗುರುತು, ಸುಟ್ಟ ಗುರುತು, ಬಸುರಿನ ಗೀರು. ಮತ್ತು ಒಮ್ಮೊಮ್ಮೆ, ಪಕ್ಕೆಯ ಕೆಳಗೆ, ಹಳದಿಗೆ ತಿರುಗುತ್ತಿರುವ ನೀಲಿ.

ಅಂಥ ನೀಲಿಯನ್ನು ನಾನು ಮೊದಲು ಕಂಡದ್ದು ಹುನಗುಂದದ ಕಡೆ. ಬಾವಿಕಟ್ಟೆಯ ಮೇಲೆ ಜಾರಿ ಬಿದ್ದೆ ಅಂದಳು ಆಕೆ. ನಾನು ನಂಬಿ ಮುಲಾಮು ಕೊಟ್ಟೆ. ನಮ್ಮ ಮೇಲಿನವರಾಗಿದ್ದ ಕಮಲಾಬಾಯಿ ಎಲ್ಲವನ್ನೂ ಸುಮ್ಮನೆ ನೋಡಿ, ಆಕೆ ಹೋದ ಮೇಲೆ ಚಹಾ ಕುಡಿಯುತ್ತ ಹೇಳಿದರು: "ನೂರಜಹಾನ್, ಬಿದ್ದಾಕಿಗೆ ಮೊಣಕಾಲು ಕೆತ್ತಿರತಾವು, ಅಂಗೈ ತರಚಿರತೈತಿ. ಬಸುರಾದಾಕಿ ಬೀಳೂ ಮುಂದ ಎರಡೂ ಕೈ ಮುಂದ ಚಾಚತಾಳ, ಹೊಟ್ಟಿ ಉಳಸ್ಕೊಳ್ಳಾಕ. ಅಂಗೈ ನೆಟ್ಟಗಿದ್ದು ಹೊಟ್ಟಿ ಒಂದ ನೀಲಿ ಆಗಿದ್ರ, ಅದು ಬಿದ್ದದ್ದಲ್ಲ."

"ಮತ್ತ ಕೇಳಬೇಕಾಗಿತ್ತಲ್ರೀ ಬಾಯಾರ?"

"ಗಂಡ ಬಾಗಲದಾಗ ನಿಂತಾಗ ಏನಂತ ಕೇಳತಿ? ಕೇಳಿದ್ರ ಆಕಿ ಏನಂತ ಹೇಳಬೇಕು?"

ಆಗಿನ್ನೂ ಈ ಸಂಗತಿಗೆ ನಮ್ಮ ಇಲಾಖೆಯಲ್ಲಿ ಒಂದು ಹೆಸರಿರಲಿಲ್ಲ. ತೂಕ, ರಕ್ತ, ಸೂಜಿ, ಕಬ್ಬಿಣದ ಗುಳಿಗೆ ಇವಿಷ್ಟೇ ನಮ್ಮ ಪಾಲಿನ ಬಸುರಿತನ. ಕಮಲಾಬಾಯಿ ಮಾತ್ರ ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು. ಮೂತ್ರ ಪರೀಕ್ಷೆ. ಗಂಡ ಒಳಗೆ ಬರಬಹುದು, ಅತ್ತೆ ಒಳಗೆ ಬರಬಹುದು, ಪಾಯಿಖಾನೆಯ ತನಕ ಯಾರೂ ಬರುವುದಿಲ್ಲ. ಬಾಟಲಿ ಕೊಡುವ ನೆವದಲ್ಲಿ ಹೆಂಗಸಿನ ಜೊತೆ ಹಿತ್ತಲಿಗೆ ಹೋಗಿ, ಅಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದರು: "ಮನ್ಯಾಗ ಯಾರಿಗರ ಅಂಜತೀ ಏನವಾ?" ಬಡಿತಾನೇನು, ಕುಡಿತಾನೇನು ಎಂದು ಕೇಳುತ್ತಿರಲಿಲ್ಲ. ಅಂಜಿಕೆಯ ಬಗ್ಗೆ ಕೇಳಿದರೆ ಗಂಡನ ಮೇಲೆ ದೂರು ಹೇಳಿದಂತೆ ಆಗುವುದಿಲ್ಲವಲ್ಲ. ಆ ಮಾತನ್ನು ನಾನು ಅವರಿಂದ ಕಲಿತೆ. ಮುಂದೆ ಎಷ್ಟೋ ಕಾಲದ ಮೇಲೆ ತರಬೇತಿಗಳು ಬಂದವು, ಕಾನೂನು ಬಂತು, ಗೋಡೆಗೆ ಹಚ್ಚುವ ಚಿತ್ರಗಳು ಬಂದವು. ನಾನು ಮಾತ್ರ ಕೊನೆಯವರೆಗೂ ಕಮಲಾಬಾಯಿಯವರ ಮಾತಿನಲ್ಲೇ ಕೇಳಿದೆ.

ರೇಣುಕಾ ಬಂದದ್ದು ನಾನು ಬಾದಾಮಿ ಕಡೆ ಇದ್ದಾಗ. ಹುನಗುಂದದ ಕಡೆಯ ಹುಡುಗಿ, ಚೊಳಚಗುಡ್ಡಕ್ಕೆ ಕೊಟ್ಟಿದ್ದರು. ಗಂಡ ಬಸವರಾಜ ಬಾದಾಮಿಯಿಂದ ಬನಶಂಕರಿಗೆ ಟಂಟಂ ಆಟೋ ಓಡಿಸುತ್ತಿದ್ದ. ಅವನನ್ನು ನೀವು ನೋಡಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಮೆದು ಮಾತು. ಕುಡಿತವಿಲ್ಲ, ಎಲೆ ಅಡಿಕೆ ಕೂಡ ಇಲ್ಲ. ಹೆಂಡತಿಯ ಚೀಲ ತಾನೇ ಹಿಡಿದುಕೊಂಡು ಬರುತ್ತಿದ್ದ. ಆಕೆ ಕುರ್ಚಿಯಲ್ಲಿ ಕೂರುವ ಮುನ್ನ ಕುರ್ಚಿಯ ಧೂಳು ಒರೆಸುತ್ತಿದ್ದ. ನಮ್ಮ ಕೇಂದ್ರದ ಆಯಾ ಅವನನ್ನು ನೋಡಿ, ಇಂಥ ಗಂಡ ಎಲ್ಲರಿಗೂ ಸಿಗಬೇಕು ಅಂದಿದ್ದಳು.

ನಾನು ಗಮನಿಸಿದ್ದು ಬೇರೆ. ರೇಣುಕಾಳನ್ನು ಏನೇ ಕೇಳಿದರೂ ಉತ್ತರ ಅವನಿಂದ ಬರುತ್ತಿತ್ತು.

"ಊಟ ಸೇರತೈತೇನವಾ?"

"ಸೇರತೈತ್ರಿ, ಎರಡು ರೊಟ್ಟಿ ತಿಂತಾಳ್ರಿ."

"ನಿದ್ದಿ?"

"ಚಲೋ ಮಾಡತಾಳ್ರಿ."

ಹೊಟ್ಟೆ ನೋಡಲು ಪರದೆಯ ಒಳಗೆ ಕರೆದೆ. ಬಗ್ಗಿ ಕೊಳವೆಗೆ ಕಿವಿಯಿಟ್ಟೆ. ಕೂಸಿನ ಸದ್ದು ಚೆನ್ನಾಗಿತ್ತು. ಕಣ್ಣೆದುರಿಗೆ, ಎಡ ಪಕ್ಕೆಯ ಕೆಳಗೆ, ನೀಲಿ. ಪರದೆಯ ಹೊರಗಿನಿಂದ ಅವನೇ ಹೇಳಿದ: "ಅಲ್ಲೊಂದು ಗುರುತ ಐತ್ರಿ ಸಿಸ್ಟರ್, ಎಮ್ಮಿ ಹಾದೈತಿ." ನಾನು ಕೇಳಿರಲೇ ಇಲ್ಲ.

ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಬಾಟಲಿ ಕೊಟ್ಟು ರೇಣುಕಾಳನ್ನು ನಾನು ಕೇಳಿದೆ, ಮನೆಯಲ್ಲಿ ಯಾರಿಗಾದರೂ ಅಂಜುತ್ತೀಯಾ ಎಂದು. ಆಕೆ ನೆಲ ನೋಡುತ್ತ ಹೇಳಿದಳು: "ಎಮ್ಮಿ ಹಾದೈತ್ರಿ ಅಕ್ಕಾರ."

ಸುಳ್ಳು ಎಂದು ಎದುರಿಗೆ ಹೇಳಿದರೆ ಆ ಹುಡುಗಿ ಮತ್ತೆ ಬರುತ್ತಿರಲಿಲ್ಲ. "ಆತವಾ," ಅಂದೆ. "ಎಮ್ಮಿ ಮತ್ತ ಹಾಯಾಕ ಬಂದ್ರ ನನಗ ಹೇಳು. ಯಾವಾಗ ಹೇಳಬೇಕು ಅನಸ್ತೈತಿ ಆವಾಗ ಹೇಳು."

ಆಕೆ ತಲೆಯೆತ್ತಿ ನನ್ನ ಮುಖ ನೋಡಿದಳು. ಬೇವಿನ ಎಲೆಗಳ ನಡುವಿನ ಬಿಸಿಲು ಆಕೆಯ ಮುಖದ ಮೇಲೆ ಅಲುಗುತ್ತಿತ್ತು. ನನಗೆ ಅರ್ಥವಾಗಿದೆ ಎನ್ನುವುದು ಆಕೆಗೆ ಅರ್ಥವಾಯಿತು. ಅಷ್ಟೇ ಆ ದಿನದ ಕೆಲಸ.

ಮುಂದಿನ ಸಲ ಬಂದಾಗ ಆಕೆಯೇ ಬಾಟಲಿ ಕೇಳಿ ತೆಗೆದುಕೊಂಡಳು. ಗಿಡದ ಕೆಳಗೆ ಹೋದದ್ದೇ ಮಾತು ಹರಿಯಿತು. "ಮೊದ್ಲ ಹಿಂಗ ಇರಲಿಲ್ರಿ. ಹೊಟ್ಟಿ ಕಾಣಾಕ ಹತ್ತಿದ ಮ್ಯಾಲ ಸುರು ಆತ್ರಿ. ನಾ ವಾಂತಿ ಮಾಡ್ಕೊಂಡು ಮಲಗಿದ್ರ ಸೋಗ ಮಾಡತಿ ಅಂತಾರ. ತವರಮನಿಗೆ ಪೋನ್ ಹಚ್ಚಿದ್ರ ನನ್ನ ಮ್ಯಾಲ ಚಾಡಿ ಹೇಳತಿ ಅಂತಾರ. ಈಗ ಪೋನೂ ಕಸಗೊಂಡಾರ್ರಿ. ಬಡದ ಮ್ಯಾಲ ತಾವ ಅಳತಾರ್ರಿ. ಮಲ್ಲಿಗಿ ತಂದು ಮುಡಸ್ತಾರ."

ಹೇಳುತ್ತ ಹೇಳುತ್ತ ಆಕೆ ತುರುಬಿನಲ್ಲಿದ್ದ ಹೂವನ್ನು ಮುಟ್ಟಿ ನೋಡಿಕೊಂಡಳು. ಹೊಸ ಹೂವು ಅದು, ಬಾಡಿರಲಿಲ್ಲ.

"ನಿನ್ನ ತಪ್ಪಲ್ಲವಾ ಇದು," ಅಂದೆ. ಇದನ್ನು ಹೇಳುವುದು ಚಿಕ್ಕದು ಎಂದು ತಿಳಿಯಬೇಡಿ. ಆಕೆಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮುಂದೆ ಏನು ಮಾಡಬಹುದು, ಕಾನೂನಿನಲ್ಲಿ ಏನಿದೆ, ಇಂಥ ಹೆಂಗಸರ ನೆರವಿಗೆಂದೇ ಇರುವ ಬಾಗಲಕೋಟೆಯ ಸಖಿ ಕೇಂದ್ರದಲ್ಲಿ ಯಾರನ್ನು ಕಾಣಬಹುದು ಎಂದು ಹೇಳಿದೆ. ಆಕೆ ಎಲ್ಲ ಕೇಳಿ, "ಈಗ ಯಾರಿಗೂ ಹೇಳಬ್ಯಾಡ್ರಿ" ಅಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನಮ್ಮ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಧಾರವಾಡದ ಕಡೆಯವರು, ಮನಸ್ಸು ಬೆಣ್ಣೆ. ಒಂದು ದಿನ ರೇಣುಕಾ ಉಸಿರಾಡಿದರೆ ಪಕ್ಕೆ ನೋಯುತ್ತದೆ ಅಂದಾಗ ಅವರೇ ಪರೀಕ್ಷೆ ಮಾಡಿದರು. ನೋಡಿದ್ದೇ ಎಲ್ಲ ತಿಳಿದುಬಿಟ್ಟಿತು. ಬಸವರಾಜನನ್ನು ಒಳಗೆ ಕರೆದರು. ನಾನು ಬೇಡವೆಂದು ಕಣ್ಣಲ್ಲೇ ಹೇಳಿದೆ, ಅವರು ನೋಡಲಿಲ್ಲ. ಬೈಯುತ್ತಾರೆ ಎಂದುಕೊಂಡರೆ ಬೈಯಲೂ ಇಲ್ಲ. ಆಗಷ್ಟೇ ನಮ್ಮ ಕೇಂದ್ರಕ್ಕೆ ಡಾಪ್ಲರ್ ಯಂತ್ರ ಬಂದಿತ್ತು. ಅದನ್ನು ರೇಣುಕಾಳ ಹೊಟ್ಟೆಯ ಮೇಲಿಟ್ಟು ಸದ್ದನ್ನು ದೊಡ್ಡದು ಮಾಡಿದರು. ನನ್ನ ಕಿವಿಯೊಂದಕ್ಕೇ ಕೇಳುತ್ತಿದ್ದ ಆ ಗುಟ್ಟಿನ ಸದ್ದು ಕೋಣೆ ತುಂಬ ಕುದುರೆ ಓಡಿದ ಹಾಗೆ ತುಂಬಿಕೊಂಡಿತು.

"ಕೇಳು," ಅಂದರು ಡಾಕ್ಟರು. "ಇದು ನಿನ್ನ ಕೂಸು. ನೀ ಆಕಿಗೆ ಹೊಡದ್ರ ಇದಕ್ಕೂ ಬೀಳತೈತಿ."

ಬಸವರಾಜ ಅಲ್ಲೇ ಕುಕ್ಕರಿಸಿದ. ಹೆಂಡತಿಯ ಪಾದ ಹಿಡಿದು ಬಿಕ್ಕಿಬಿಕ್ಕಿ ಅತ್ತ. ಆಯಾ ಕಣ್ಣೊರೆಸಿಕೊಂಡಳು. ಅವರಿಬ್ಬರೂ ಹೋದ ಮೇಲೆ ಡಾಕ್ಟರು ಹಗುರಾಗಿ ಕುರ್ಚಿಗೆ ಒರಗಿ, "ನೋಡಿದ್ರಿ ಸಿಸ್ಟರ್? ಮನಷ್ಯಾ ಕರಗಿದ" ಅಂದರು. ಆ ಸಂಜೆ ಬಾದಾಮಿಯ ಗುಡ್ಡದ ಕಲ್ಲು ಕೆಂಪಗೆ ಹೊಳೆಯುತ್ತಿತ್ತು, ಅಗಸ್ತ್ಯತೀರ್ಥದ ನೀರೂ ಕೆಂಪಾಗಿತ್ತು. ಇಷ್ಟು ಸುಲಭವಾಗಿ ಎಲ್ಲ ಸರಿಹೋಗುವ ಲೋಕವೊಂದು ಇರಬಹುದು ಎಂದು ನನಗೂ ಆ ಹೊತ್ತಿಗೆ ಅನ್ನಿಸಿತು.

ಆಮೇಲೆ ರೇಣುಕಾ ಬರಲಿಲ್ಲ. ಬರಬೇಕಾದ ದಿನ ದಾಟಿತು, ಮುಂದಿನದೂ ದಾಟಿತು. ಆ ಊರಿನ ಆಶಾ ಕಾರ್ಯಕರ್ತೆ ಸುದ್ದಿ ತಂದಳು. ದವಾಖಾನೆಗೆ ಹೋಗಿ ನಾಲ್ಕು ಜನರ ಮುಂದೆ ನೀನು ನನ್ನ ಮರ್ಯಾದೆ ಕಳೆದೆ ಎಂದು ಅದೇ ದಿನ ಮನೆಗೆ ಹೋದ ಮೇಲೆ ಹೊಡೆದಿದ್ದನಂತೆ. ಇನ್ನು ಮುಂದೆ ಹೊಸಿಲು ದಾಟಬೇಡ ಎಂದು ಹೇಳಿದ್ದನಂತೆ.

ಡಾಕ್ಟರ ಮುಖ ಬೆಳ್ಳಗಾಯಿತು. ಕೇಳಿದರು: "ಅಂವ ಅತ್ತದ್ದು ಖರೆ ಇತ್ತಲ್ರೀ ಸಿಸ್ಟರ್?"

"ಖರೆ ಇತ್ರಿ ಸರ್. ಅತ್ತದ್ದೂ ಖರೆ, ಬಡದದ್ದೂ ಖರೆ."

ಅವರು ಒಳ್ಳೆಯವರು ಎಂದೆನಲ್ಲ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಒಂದು ಪದ್ಧತಿ ತಂದರು. ಪ್ರತಿಯೊಬ್ಬ ಬಸುರಿಯನ್ನೂ ಸ್ವಲ್ಪ ಹೊತ್ತು ಒಬ್ಬಳನ್ನೇ ನೋಡುವುದು, ಇದು ಎಲ್ಲರಿಗೂ ಇರುವ ನಿಯಮ ಎಂದು ಮನೆಯವರಿಗೆ ಹೇಳುವುದು. ಹೆಂಗಸು ತಾನಾಗಿ ಕೇಳದ ಹೊರತು ಗಂಡನಿಗೆ ಯಾರೂ ಬುದ್ಧಿ ಹೇಳಬಾರದು. ಹುಡುಗಿಯರೇ, ನಿಮಗೆ ಮೇಜು ಗುದ್ದಿ ಬೈಯಬೇಕು ಅನ್ನಿಸುತ್ತದೆ, ಗಂಡ ಹೆಂಡತಿಯನ್ನು ಕೂಡಿಸಿ ಕೈ ಕೈ ಹಿಡಿಸಬೇಕು ಅನ್ನಿಸುತ್ತದೆ. ನಿಮ್ಮ ಕೋಣೆಯಲ್ಲಿ ಆದದ್ದರ ಬೆಲೆಯನ್ನು ಆಕೆ ತನ್ನ ಮನೆಯಲ್ಲಿ ತೆರಬೇಕಾಗುತ್ತದೆ.

ಒಂದು ಹಗಲು, ಬಸವರಾಜ ಟಂಟಂ ತೆಗೆದುಕೊಂಡು ಹೋಗಿರುವ ಹೊತ್ತು ನೋಡಿ, ಕಬ್ಬಿಣದ ಗುಳಿಗೆಯ ನೆವ ಮಾಡಿಕೊಂಡು ನಾನು ಚೊಳಚಗುಡ್ಡಕ್ಕೆ ಹೋದೆ. ಅವರ ಮನೆ ವೀಳ್ಯದೆಲೆ ಬಳ್ಳಿಯ ತೋಟದ ಅಂಚಿಗೆ. ಸುತ್ತ ಸುಡುವ ಬಿಸಿಲಿದ್ದರೂ ತೋಟದ ಒಳಗೆ ಕಾಲಿಟ್ಟರೆ ಬೇರೆಯೇ ಒಂದು ಹಗಲು. ಎತ್ತರದ ಗಿಡಗಳಿಗೆ ಹಬ್ಬಿದ ಬಳ್ಳಿಗಳ ನಡುವೆ ಬೆಳಕು ಹಸಿರಾಗಿ ಸೋಸಿ ಬರುತ್ತಿತ್ತು. ಕಾಲುವೆಯ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಇಂಥ ಜಾಗದಲ್ಲಿ ಯಾರಾದರೂ ಯಾರನ್ನಾದರೂ ಹೊಡೆಯಲು ಸಾಧ್ಯವೇ ಎಂದು, ಎಲ್ಲ ಗೊತ್ತಿದ್ದೂ, ನನ್ನ ಮನಸ್ಸು ಕೇಳಿತು.

ಅತ್ತೆ ಶಿವಲಿಂಗವ್ವ ಪಡಸಾಲೆಯಲ್ಲಿ ಕೂತು ಎಲೆ ಜೋಡಿಸುತ್ತಿದ್ದರು. ಒಣಗಿದ ಮೈಯ, ಮಾತು ಕಡಿಮೆಯ ಮುದುಕಿ. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವರು ಎಂದು ಊರಲ್ಲಿ ಹೆಸರು.

"ಸೊಸಿ ಮಲಗ್ಯಾಳ್ರಿ," ಅಂದರು ನನ್ನನ್ನು ಕಂಡದ್ದೇ.

"ಮಲಗಲಿ ಬಿಡ್ರಿ. ಬಂದೇನಿ, ನಿಮ್ಮ ಬಿಪಿ ನೋಡತೇನಿ."

ಬೇಡವೆನ್ನಲು ಕಾರಣ ಸಿಗದೆ ಅವರು ಬಲಗೈ ಚಾಚಿದರು. ತೋಳಿಗೆ ಪಟ್ಟಿ ಸುತ್ತಲು ಹೋದರೆ ಅದು ಸರಿಯಾಗಿ ಕೂರಲಿಲ್ಲ. ತೋಳು ಮೊಣಕೈಯ ಮೇಲೆ ಸೊಟ್ಟಗಿತ್ತು. ಎಂದೋ ಮುರಿದು, ಯಾರೂ ಕಟ್ಟದೆ, ತಾನಾಗಿ ಕೂಡಿಕೊಂಡ ಮೂಳೆ.

"ಇದು ಯಾವಾಗ ಮುರದದ್ದರಿ?"

"ಬಸವರಾಜ ಹೊಟ್ಯಾಗ ಇದ್ದಾಗ."

"ಹೆಂಗ ಮುರೀತು?"

ಅವರು ನನ್ನ ಕಡೆ ನೋಡದೆ, ಬಳ್ಳಿಗಳ ಕಡೆ ನೋಡುತ್ತ ಹೇಳಿದರು: "ಎಮ್ಮಿ ಹಾದಿತ್ತು."

ನಾನು ಪಟ್ಟಿಯನ್ನು ಹಾಗೇ ಹಿಡಿದು ಕೂತೆ. ಒಳಗಿನ ಕತ್ತಲೆಯ ಬಾಗಿಲಲ್ಲಿ ರೇಣುಕಾ ಬಂದು ನಿಂತದ್ದು ಕಾಣಿಸಿತು. ಕೆನ್ನೆ ಊದಿತ್ತು. ಶಿವಲಿಂಗವ್ವ ಒಂದು ಎಲೆ ಎತ್ತಿಕೊಂಡು, ತೊಟ್ಟು ಮುರಿದು, ಕೆಳಗಿಟ್ಟರು.

"ನಮ್ಮ ಮನ್ಯಾಗ ಎಂದೂ ಎಮ್ಮಿ ಕಟ್ಟಿಲ್ಲರಿ ನರ್ಸಬಾಯಾರ," ಅಂದರು. "ಹಿಂಗ ಹೇಳಬೇಕು ಅಂತ ನಮ್ಮತ್ತಿ ನನಗ ಹೇಳಿಕೊಟ್ಟಿದ್ಲು. ನಾ ಇಕಿಗೆ ಹೇಳಿಕೊಟ್ಟೆ. ಲಿಂಗ ಕೈಯಾಗ ಹಿಡಕೊಂಡು ಪೂಜಿಗೆ ಕುಂತಿರತೇನಿ. ಒಳಗ ಇಕಿ ಸೆರಗು ಬಾಯಾಗ ತುರುಕ್ಕೊಂಡು ಅಳೂದು ಕೇಳಸ್ತೈತಿ. ನಾ ಕಣ್ಣ ತಗಿಯೂದಿಲ್ರಿ. ಕಣ್ಣ ತಗದ್ರ ಎದ್ದು ಹೋಗಬೇಕಾಗತೈತಿ ಅಂತ ತಗಿಯೂದಿಲ್ಲ."

ರೇಣುಕಾ ಬಂದು ಅತ್ತೆಯ ಬೆನ್ನ ಹಿಂದೆ ಕೂತಳು. ಆ ಪಡಸಾಲೆಯಲ್ಲಿ ನಾವು ಮೂವರೂ ಕೂತು ಮಾತಾಡಿದ್ದು ನನಗೆ ಈಗಲೂ ಕನಸಿನ ಹಾಗೆ ನೆನಪಿದೆ. ದನಿ ಎತ್ತದೆ, ಎಲೆ ಜೋಡಿಸುತ್ತಲೇ ಮಾತಾಡಿದೆವು, ಯಾರಾದರೂ ಬಂದರೆ ಬರೀ ಎಲೆ ಜೋಡಿಸುತ್ತಿದ್ದೇವೆ ಎಂದು ಕಾಣುವ ಹಾಗೆ. ತವರುಮನೆಗೆ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ ರೇಣುಕಾ ಇಲ್ಲ ಅಂದಳು. "ನಾ ಎಲ್ಲಿಗೂ ಹೋಗೂದಿಲ್ರಿ. ಬಡಿಯೂದು ನಿಲ್ಲಬೇಕು, ಅಷ್ಟ." ಆಕೆಗೆ ಬೇಕಾದದ್ದು ಅದು, ನಮ್ಮ ಯೋಚನೆಯೂ ಅಲ್ಲಿಂದಲೇ ಶುರುವಾಗಬೇಕಿತ್ತು. ಹೊಡೆಯಲು ಬಂದರೆ ಒಳಕೋಣೆಗೆ ಹೋಗದೆ ಹೊರಗಿನ ಅಂಗಳಕ್ಕೆ ಓಡಬೇಕು. ಪಕ್ಕದ ತೋಟದ ಹುಸೇನಬಿಯ ಮನೆಯಲ್ಲಿ ಫೋನೂ ಇತ್ತು, ಗಾಡಿಯೂ ಇತ್ತು. ಆಕೆಗೆ ಮೊದಲೇ ಹೇಳಿಡಬೇಕು. ಒಂದು ಜೊತೆ ಬಟ್ಟೆ ಅಲ್ಲೇ ಇರಬೇಕು. ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ತಮ್ಮ ಹೆಸರಿನಲ್ಲಿ ಎಂದರು ಶಿವಲಿಂಗವ್ವ. ಹೇಳಿದ ಮೇಲೆ, ಆ ಸಂಗತಿ ತಮಗೂ ಈಗಷ್ಟೇ ಗೊತ್ತಾದ ಹಾಗೆ ಕಂಬಗಳನ್ನೂ ತೊಲೆಗಳನ್ನೂ ಸುತ್ತಲೂ ನೋಡಿದರು.

ಅದಾಗಿ ಕೆಲವು ವಾರ ಎಲ್ಲ ಶಾಂತವಾಗಿತ್ತು. ಜೋಳ ತೆನೆಗಟ್ಟಿದ ಕಾಲದಲ್ಲಿ ಒಂದು ಮಧ್ಯಾಹ್ನ ಹುಸೇನಬಿಯ ಮನೆಯ ಗಾಡಿ ನಮ್ಮ ಕೇಂದ್ರದ ಬಾಗಿಲಿಗೆ ಬಂದು ನಿಂತಿತು. ಒಳಗೆ ರೇಣುಕಾ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಸೀರೆ ರಕ್ತದಲ್ಲಿ ನೆನೆದಿತ್ತು, ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಹೊಡೆತಕ್ಕೆ ಕೂಸಿನ ಮಾಸು ಹೆರಿಗೆಗೆ ಮೊದಲೇ ಒಳಗೆ ಕಿತ್ತುಕೊಳ್ಳುತ್ತಿದೆ ಎಂದು ಡಾಕ್ಟರಿಗೂ ನನಗೂ ಒಟ್ಟಿಗೆ ತಿಳಿಯಿತು. ಸೂಜಿ ಚುಚ್ಚಿ ಸಲೈನ್ ಹಚ್ಚಿ ಅಂಬುಲೆನ್ಸಿಗೆ ಹಾಕಿದೆವು. ನಾನು ಜೊತೆಗೆ ಹತ್ತಿದೆ. ಶಿವಲಿಂಗವ್ವನವರು ಕೇಳದೇ ಹತ್ತಿದರು.

ದಾರಿಯಲ್ಲಿ ಅವರೇ ಹೇಳಿದರು. ಊಟಕ್ಕೆಂದು ಬಂದವನು ಸಾರಿಗೆ ಉಪ್ಪಿಲ್ಲ ಎಂದು ಶುರುಮಾಡಿದ. ರೇಣುಕಾ ಅಂಗಳಕ್ಕೆ ಓಡಿದಳು. ಅವನು ಅಲ್ಲಿಗೂ ಬಂದು ಒದ್ದ. ಶಿವಲಿಂಗವ್ವ ನಡುವೆ ಬಂದರು. ಅವರನ್ನೂ ನೂಕಿದ. "ಆವಾಗ ನಾ ಒದರಿದೆ ನೋಡ್ರಿ," ಅಂದರು. "ನನ್ನ ಸೊಸಿನ್ನ ಕೊಲ್ಲಾಕ ಹತ್ಯಾನ, ಬರ್ರೋ ಅಂತ ಒದರಿದೆ. ತ್ವಾಟದ ಮಂದಿ ಎಲ್ಲಾ ಬಂದ್ರು. ನನ್ನ ದನಿ ಅಷ್ಟ ದೊಡ್ಡದು ಐತಿ ಅಂತ ನನಗ ಗೊತ್ತಿರಲಿಲ್ಲ."

ಕೆರೂರು ದಾಟಿದ ಮೇಲೆ ಬಾಗಲಕೋಟೆಯ ಆಸ್ಪತ್ರೆಯಿಂದ ಡಾಕ್ಟರಮ್ಮ ಫೋನು ಮಾಡಿದರು. "ಕೂಸಿನ ಬಡಿತ ಐತೇನ್ರಿ ಸಿಸ್ಟರ್? ಇದ್ರ ಥಿಯೇಟರ್ ತಯಾರ ಇಡತೇವಿ, ಬಂದ ಕೂಡಲೇ ಒಳಗ." ಡಾಪ್ಲರ್ ಯಂತ್ರ ನಮ್ಮ ಕೇಂದ್ರದಲ್ಲೇ ಉಳಿದಿತ್ತು. ನನ್ನ ಚೀಲದಲ್ಲಿ ಹಳೆಯ ಕೊಳವೆ ಇತ್ತು. ಓಡುವ ಗಾಡಿಯಲ್ಲಿ ಅದರಿಂದ ಏನೂ ಕೇಳುವುದಿಲ್ಲ. ಗಾಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡಲು ಡ್ರೈವರನಿಗೆ ಹೇಳಿದೆ.

ಎರಡೂ ಕಡೆ ಎರೆಮಣ್ಣಿನ ಹೊಲ, ಎದೆಯುದ್ದದ ಬಿಳಿಜೋಳ. ಇಂಜಿನ್ ನಿಂತದ್ದೇ ಆ ಮಧ್ಯಾಹ್ನದ ಮೌನವೆಲ್ಲ ಗಾಡಿಯ ಒಳಗೆ ಬಂತು. ಬಗ್ಗಿ ಕಿವಿ ಹಚ್ಚಿದೆ. ಮೊದಲು ನನ್ನದೇ ರಕ್ತದ ಸದ್ದು. ಆಮೇಲೆ ತಾಯಿಯ ನಾಡಿ, ಗಡಿಬಿಡಿಯ ನಾಡಿ. ಕೊಳವೆ ಸ್ವಲ್ಪ ಸರಿಸಿದೆ. ಏನೂ ಇಲ್ಲ. ಇನ್ನೂ ಸ್ವಲ್ಪ ಕೆಳಗೆ. ಬಹಳ ದೂರದಲ್ಲಿ, ನಿಲ್ಲಲೋ ಬೇಡವೋ ಎನ್ನುವ ಮಗ್ಗದ ಹಾಗೆ, ಒಂದು ಬಡಿತ. ಮತ್ತೊಂದು.

"ಐತಿ," ಅಂದೆ.

"ಐತಿ ಅಂತ, ಐತಿ," ಎಂದು ಶಿವಲಿಂಗವ್ವ ಸೊಸೆಯ ಕಿವಿಯಲ್ಲಿ ಹೇಳುತ್ತಲೇ ಇದ್ದರು, ಬಾಗಲಕೋಟೆ ಬರುವ ತನಕ.

ಕೂಸು ಹೆಣ್ಣು. ಅಂಗೈಯಗಲದ ಜೀವ, ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಇತ್ತು. ತಾಯಿ ಉಳಿದಳು. ರೇಣುಕಾಗೆ ಮಾತಾಡುವಷ್ಟು ಶಕ್ತಿ ಬಂದಾಗ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದರು. ಅದಕ್ಕೂ ಮೊದಲು ಬಸವರಾಜ ಹಿರಿಯರನ್ನು ಕರೆದುಕೊಂಡು ಬಂದಿದ್ದ. ಅದೇ ಇಸ್ತ್ರಿ ಅಂಗಿ, ಅತ್ತು ಕೆಂಪಾದ ಕಣ್ಣು, ಕೈಯಲ್ಲಿ ಹಣ್ಣಿನ ಚೀಲ. ಮನೆಯ ಮಾತು ಮನೆಯಲ್ಲೇ ಇರಲಿ ಎಂದರು ಹಿರಿಯರು.

ರೇಣುಕಾ ನನ್ನ ಮುಖ ನೋಡಿದಳು. ಎಲ್ಲ ಹೇಳಿಬಿಡು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. "ಏನು ಹೇಳಬೇಕು ಅನ್ನೂದು ನಿನ್ನ ಮನಸಿಗೆ ಬಿಟ್ಟದ್ದವಾ. ನೀ ಏನ ಹೇಳಿದ್ರೂ ನಾ ಇಲ್ಲೇ ಇರತೇನಿ."

ಆಕೆ ಕಣ್ಣು ಮುಚ್ಚಿಕೊಂಡಳು. ಮಲಗಿಬಿಟ್ಟಳೇನೋ ಎಂದುಕೊಂಡೆವು. ಆಮೇಲೆ, "ಬರಕೋರಿ" ಅಂದಳು. ಮೊದಲಿನಿಂದ ಹೇಳಿದಳು, ಒಂದನ್ನೂ ಬಿಡಲಿಲ್ಲ.

ಮುಗಿದಾಗ ಶಿವಲಿಂಗವ್ವ ಮುಂದೆ ಬಂದು, ನನ್ನದೂ ಬರೆದುಕೊಳ್ಳಿ ಅಂದರು. ಪೊಲೀಸಿನವನು ತಡವರಿಸಿದ. "ಯಮ್ಮಾ, ಅಂವ ನಿಮ್ಮ ಮಗಾ ಅದಾನಲ್ರಿ."

"ಹೌದಪ್ಪಾ. ನಾನ ಹಡದೇನಿ," ಅಂದರು ಶಿವಲಿಂಗವ್ವ. "ಅದಕ್ಕ ನಾನ ಹೇಳಬೇಕು."

ಬಸವರಾಜ ಬಾಗಿಲಲ್ಲಿ ನಿಂತಿದ್ದ. ತಾಯಿ ಅವನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತುಂಬ ಹಳೆಯ ದಣಿವಿತ್ತು. ಅವನು ಹಣ್ಣಿನ ಚೀಲವನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದ.

ಪ್ರಕರಣ ವರ್ಷಗಟ್ಟಲೆ ನಡೆಯಿತು. ಆ ಮನೆಯ ಹತ್ತಿರ ಅವನು ಬರಬಾರದೆಂದು ಕೋರ್ಟು ಆದೇಶ ಕೊಟ್ಟಿತು. ಅವನು ಬಾದಾಮಿಯಲ್ಲಿ ಬೇರೆ ಇದ್ದ. ಎರಡು ಸಲ ಗೇಟಿನ ತನಕ ಬಂದು ಅತ್ತನಂತೆ. ಶಿವಲಿಂಗವ್ವ ಅಂಗಳದಲ್ಲಿ ನಿಂತು ಅವನು ಹೋಗುವ ತನಕ ಕಾದರಂತೆ. ಮಗನಿಗಾಗಿ ಅವರು ಎಷ್ಟು ಅತ್ತರೋ ನನಗೆ ಗೊತ್ತಿಲ್ಲ. ಅದನ್ನು ಅವರು ಯಾರಿಗೂ ತೋರಿಸಲಿಲ್ಲ.

ಎಲ್ಲವೂ ಹೀಗೆ ಮುಗಿಯುತ್ತದೆ ಎಂದು ತಿಳಿಯಬೇಡಿ. ಇಳಕಲ್ಲಿನಲ್ಲಿದ್ದಾಗ ಒಬ್ಬ ಹುಡುಗಿ ಬರುತ್ತಿದ್ದಳು, ನಮ್ಮ ಓಣಿಯವಳೇ, ನಮ್ಮ ಜನದವಳೇ. ಕೇಳಬೇಕಾದದ್ದನ್ನೆಲ್ಲ ಕೇಳಿದೆ, ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಆಕೆ ನಗುತ್ತಿದ್ದಳು. ಏಳನೆಯ ತಿಂಗಳ ನಂತರ ಬರಲಿಲ್ಲ. ಕೂಸು ಹೊಟ್ಟೆಯಲ್ಲೇ ಹೋಯಿತು ಎಂದು ಆಮೇಲೆ ತಿಳಿಯಿತು. ಎಷ್ಟೋ ದಿನಗಳ ಮೇಲೆ ಹುನಗುಂದದ ಬಸ್ಸಿನಲ್ಲಿ ಸಿಕ್ಕಳು. ನನ್ನ ಪಕ್ಕದಲ್ಲಿ ಬಂದು ಕೂತು, ನನ್ನ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ಬಿಡಲಿಲ್ಲ. ಕಿಟಕಿಯಾಚೆ ಹೊಲಗಳು ಹೋಗುತ್ತಲೇ ಇದ್ದವು. ತನ್ನ ನಿಲ್ದಾಣ ಬಂದಾಗ ಕೈಯನ್ನು ಮೆಲ್ಲಗೆ ನನಗೇ ಮರಳಿಸಿ ಇಳಿದು, ಅದೇ ಮನೆಗೆ ಹೋದಳು. ನಮ್ಮ ಕೆಲಸದಲ್ಲಿ ಅಂಥವರು ಹೆಚ್ಚು. ಬಾಗಿಲು ತೆರೆದಿಡುವುದು ನಮ್ಮ ಕೈಲಿದೆ. ಯಾವ ದಿನ ಒಳಗೆ ಬರಬೇಕು ಎನ್ನುವುದು ಆಕೆಯ ಕೈಲಿದೆ.

ನಿವೃತ್ತಿಯಾದ ಮೇಲೆ ಒಮ್ಮೆ ಬನಶಂಕರಿಯ ಕಡೆ ಹೋಗಿದ್ದೆ. ಹಾಗೇ ಚೊಳಚಗುಡ್ಡದ ಆ ತೋಟದ ತನಕ ನಡೆದೆ. ದೂರದಿಂದಲೇ ಗದ್ದಲ ಕೇಳಿ ಬೇಗಬೇಗ ಹೆಜ್ಜೆ ಹಾಕಿದೆ. ನೋಡಿದರೆ ಅತ್ತೆ ಪಡಸಾಲೆಯಲ್ಲಿ, ಸೊಸೆ ಒಲೆಯ ಮುಂದೆ, ಬದನೆಕಾಯಿ ಎಣ್ಣೆಗಾಯಿಗೆ ಹುಣಸೆಹುಳಿ ಎಷ್ಟು ಹಾಕಬೇಕು ಎಂದು ಜಗಳವಾಡುತ್ತಿದ್ದರು. ಸಾಲೆಗೆ ಹೋಗುವ ಮಗಳು ನಡುವೆ ನಿಂತು, ನನಗೆ ಹೊತ್ತಾಯಿತು, ಮೊದಲು ರೊಟ್ಟಿ ಕೊಡಿ ಎಂದು ಇಬ್ಬರಿಗಿಂತ ಜೋರಾಗಿ ಕೂಗುತ್ತಿದ್ದಳು. ಆ ಮನೆಯಲ್ಲಿ ಯಾರೂ ದನಿ ತಗ್ಗಿಸುತ್ತಿರಲಿಲ್ಲ.

ಶಿವಲಿಂಗವ್ವನವರಿಗೆ ಈಗ ಕಣ್ಣು ಮಂಜು. ನನ್ನ ದನಿಯಿಂದ ಗುರುತು ಹಿಡಿದು, ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀವ ನ್ಯಾಯ ಹೇಳ್ರಿ ನರ್ಸಬಾಯಾರ. ಅತ್ತಿ ಅನ್ನೂ ಅಂಜಿಕಿ ಏನರ ಐತೇನು ನೋಡ್ರಿ ಇಕಿಗೆ. ಹೆಂಗ ಒದರತಾಳ!"

ಅಡಿಗೆಮನೆಯಿಂದ ರೇಣುಕಾ ಕೂಗಿದಳು: "ಒದರತೇನಿ! ನಿಮಗ ಕಿವಿ ಕೇಳೂದಿಲ್ಲ ಅಂತ ಒದರತೇನಿ!"

"ಕೇಳತಾವ," ಅಂದರು ಶಿವಲಿಂಗವ್ವ, ನನಗಷ್ಟೇ ಕೇಳುವ ಹಾಗೆ. "ಚಲೋ ಕೇಳತಾವು. ಆಕಿ ಒದರಲಿ ಅಂತ ಸುಮ್ಮನ ಇದ್ದೇನಿ."
​